ಗುಂಡುಮೂಗನ್ನು ಕೆರೆದು ಹಾಕಿದ ಮೇಲೆ

ಕಳೆದ ಚಳಿಗಾಲದಲ್ಲಿ, ಮಿಶಿಗನ್‌ನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ, 1949ರ ಫೋರ್ಡ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಹೊಸ ಕಾನ್ಸೆಪ್ಟ್ ಕಾರಿನ, ಅಂದರೆ ಮಾರಾಟಕ್ಕಲ್ಲದೆ ಹೊಸ ಕಲ್ಪನೆಯನ್ನು ತೋರಿಸಲೆಂದು ರೂಪಿಸುವ ಕಾರಿನ, ಮಾದರಿಯನ್ನು ಕ್ಲೇಯಲ್ಲಿ ಮಾಡಿದೆ. ಮೂಲ ಕಾರು ಹೆಚ್ಚುಕಡಿಮೆ ಐದು ಮೀಟರ್ ಉದ್ದವಿತ್ತು. ಹತ್ತನೇ ಒಂದು ಅಳತೆಯಲ್ಲಿ ನನ್ನದು 50 ಸೆಂಟಿಮೀಟರ್, 114 ಇಂಚಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 29 ಸೆಂಟಿಮೀಟರ್. ಅಡುಗೆಮನೆಯಲ್ಲಿ ಕಾರೇ ಎಂದು ನಗುವವರು ಒಂದು ಸಂಗತಿ ತಿಳಿಯಬೇಕು. ಸ್ಟೂಡ್‌ಬೇಕರ್ ಕಾರು ಕಂಪನಿಯಲ್ಲಿ ಕೆಲಸ ಕಳೆದುಕೊಂಡಿದ್ದ ವಿನ್ಯಾಸಕ ರಿಚರ್ಡ್ ಕಲೀಲ್, ಇಂಡಿಯಾನಾದ ಮಿಶವಾಕಾ ಊರಿನ ತನ್ನ ಮನೆಯ ಅಡುಗೆಮನೆಯಲ್ಲೇ ಈ ಫೋರ್ಡಿನ ಕಾಲು ಅಳತೆಯ ಕ್ಲೇ ಮಾದರಿಯನ್ನು ಮಾಡಿದನೆಂದೂ, ಅದನ್ನು ವಿನ್ಯಾಸಕ ಜಾರ್ಜ್ ವಾಕರ್ ಫೋರ್ಡ್ ಕಂಪನಿಯ ಮುಂದಿಟ್ಟನೆಂದೂ ಹೇಳುತ್ತಾರೆ. ಯಾರಿಗೆ ಎಷ್ಟು ಶ್ರೇಯ ಸಲ್ಲಬೇಕೆಂಬ ವಾದ ಮಾತ್ರ ಮುಗಿದಂತಿಲ್ಲ.

ಕಾರುಗಳಿಗೆ ಬಳಸುವ ಕ್ಲೇ ತಣ್ಣಗಿದ್ದಾಗ ಮೇಣದ ಗಟ್ಟಿಯಂತಿರುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿ ಮಾಡಿದರೆ ಹೋಳಿಗೆಯ ಹೂರಣದಷ್ಟು ಮೆತ್ತಗಾಗುತ್ತದೆ. ಇಲ್ಲಿನ ಬಹುತೇಕ ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆ, ತವಾ ತುಂಬಿಡುವ ಕಪಾಟು. ಅವನ್ನೆಲ್ಲ ಹೊರಗೆ ತೆಗೆದು ಕ್ಲೇ ತಟ್ಟೆಯನ್ನು ಒಳಗಿಟ್ಟೆ. ಆ ಕ್ಲೇಯಲ್ಲಿ ಗಂಧಕವಿತ್ತು. "ರೀ, ಒಳಗೆ ಪಟಾಕಿ ಇಟ್ಟಿದ್ದೀರೇನು?" ಎಂದು ನನ್ನ ಹೆಂಡತಿ ಕೇಳಿದ್ದು ಉತ್ಪ್ರೇಕ್ಷೆಯಲ್ಲ. ಮರುವಾರವೇ ಗಂಧಕವಿಲ್ಲದ ಕ್ಲೇ ತರಿಸಿದೆ.

ಫೋಮ್ ತಿರುಳನ್ನು ಕೊರೆದು, ಅದರ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಕ್ಲೇಯನ್ನು ಅಂಗೈ ಬುಡದಿಂದ ಒತ್ತುತ್ತಾ ಹೋದೆ. ಜನವರಿಯಲ್ಲಿ ಒಂದು ರಾತ್ರಿ ಮಾದರಿಯನ್ನು ಗ್ಯಾರೇಜಿನಲ್ಲಿ ಬಿಟ್ಟಿದ್ದೇ ತಪ್ಪಾಯಿತು. ಚಳಿಗೆ ಕ್ಲೇ ಕುಗ್ಗಿ, ಬಾನೆಟ್ಟಿನ ಭಾಗ ಫೋಮಿನಿಂದ ಸಿಪ್ಪೆಯಂತೆ ಎದ್ದು ಬಂತು. ಎರಡನೆಯ ಸಲ ಫೋಮಿನ ಮೇಲೆ ಗೀರು ಹಾಕಿ, ಅಲ್ಲಲ್ಲಿ ತೂತು ಕೊರೆದು, ಮೊದಲ ಪದರವನ್ನು ತೆಳ್ಳಗೆ ಉಜ್ಜಿ ಹಿಡಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ನಿಜವಾದ ಕಷ್ಟ ಹಳೆಯದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು. 49ರ ಫೋರ್ಡ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಗ್ರಿಲ್ಲಿನ ನಡುವಿನ ಗುಂಡುಮೂಗು. ನಾನೂ ಮೊದಲು ಅದನ್ನೇ ಮಾಡಿದೆ, ಕ್ರೋಮ್ ಪಟ್ಟಿಗಳನ್ನೂ ಬಿಡಲಿಲ್ಲ. ಫಲವಾಗಿ ಮಾದರಿ ಜಾತ್ರೆಯ ಆಟಿಕೆಯಂತೆ ಕಂಡಿತು. ಬೇಸಿಗೆಯಲ್ಲಿ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಒಬ್ಬ ಹಿರಿಯರು ತಮ್ಮ ಕಾರನ್ನು ಟೇಪ್ ಹಿಡಿದು ಅಳೆಯಲು ಬಿಟ್ಟಿದ್ದರು. ಆ ಟಿಪ್ಪಣಿಗಳನ್ನು ಮತ್ತೆ ನೋಡಿದಾಗ, ಈ ಕಾರಿನ ಜೀವ ಮೂಗಿನಲ್ಲಲ್ಲ, ಪಕ್ಕೆಯಲ್ಲಿದೆ ಎಂದು ತಿಳಿಯಿತು. ಹಳೆಯ ಫೋರ್ಡುಗಳಲ್ಲಿ ಬೇರೆಯಾಗಿ ಉಬ್ಬಿರುತ್ತಿದ್ದ ಮಡ್‌ಗಾರ್ಡುಗಳನ್ನು ಇಲ್ಲಿ ಮೈಯೊಳಗೆ ಸೇರಿಸಿ, ದೀಪದಿಂದ ಹಿಂಬದಿಯವರೆಗೆ ಒಂದೇ ಭುಜದ ಗೆರೆ ಎಳೆದಿದ್ದರು. ಮೂಗನ್ನು ಸ್ಕ್ರೇಪರ್‌ನಿಂದ ಕೆರೆದು, ಅಡ್ಡ ಬೆಳಕಿನಲ್ಲಿ ಮಾತ್ರ ಕಾಣುವಷ್ಟು ತೆಳುವಾದ ಒಂದು ವೃತ್ತವನ್ನು ಉಳಿಸಿದೆ.

ಪಕ್ಕೆಯೂ ಸುಲಭಕ್ಕೆ ಒಲಿಯಲಿಲ್ಲ. ಇಂದಿನ ಕಣ್ಣಿಗೆ ಹಿಡಿಸಲೆಂದು ಕಾರಿನ ಮಾಡನ್ನು (ಚಾವಣಿಯನ್ನು) ಒಂದು ಸೆಂಟಿಮೀಟರ್, ಅಂದರೆ ನಿಜ ಕಾರಿನಲ್ಲಿ ಹತ್ತು ಸೆಂಟಿಮೀಟರ್, ತಗ್ಗಿಸಿದಾಗ ಕಿಟಕಿ ಬರೀ ಸೀಳಾಗಿ ಉಳಿಯಿತು. ಭುಜವನ್ನೂ ಅಷ್ಟೇ ಇಳಿಸಿದರೆ ಚಕ್ರದ ಕಮಾನಿನ ಮೇಲೆ ಇರಬೇಕಾದ ತುಂಬು ಲೋಹ ಮಾಯವಾಗುತ್ತಿತ್ತು. ಇಲ್ಲಿ ನನಗೆ ದಾರಿ ತೋರಿದ್ದು ಫೋರ್ಡ್ ಕಂಪನಿಯೇ 2001ರ ಡೆಟ್ರಾಯಿಟ್ ಪ್ರದರ್ಶನದಲ್ಲಿಟ್ಟ ಕಪ್ಪು ಬಣ್ಣದ 'ಫಾರ್ಟಿ-ನೈನ್' ಕಾನ್ಸೆಪ್ಟ್. ಜೆ ಮೇಸ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದಾಗ ಬಂದ, 3.9 ಲೀಟರ್ ವಿ8 ಎಂಜಿನ್ನಿನ ಆ ಕಾರು ಕೊನೆಗೂ ಮಾರಾಟಕ್ಕೆ ಬರಲಿಲ್ಲವಾದರೂ, ಅದರ ಮಾಡು ಗಾಜಿನದಾಗಿತ್ತು. ನಾನೂ ಮಾಡನ್ನು ಗಾಜೆಂದೇ ಎಣಿಸಿದೆ. ಭುಜವನ್ನು ನಾಲ್ಕು ಮಿಲಿಮೀಟರ್ ಮಾತ್ರ ಇಳಿಸಿ, ಅದರ ಮೇಲಿನದನ್ನೆಲ್ಲ ಕಪ್ಪಾಗಿಸಿದೆ. ಕಿಟಕಿ ಎಲ್ಲಿ ಮುಗಿಯಿತು, ಮಾಡು ಎಲ್ಲಿ ಶುರುವಾಯಿತು ಎಂದು ಕಣ್ಣು ಹುಡುಕುವುದೇ ನಿಂತಿತು.

ಕೊನೆಗೆ ಒದ್ದೆ ಮಾಡಿದ ಬೆಳ್ಳಿ ಬಣ್ಣದ ಫಿಲ್ಮನ್ನು ಮೈಮೇಲೆ ಎಳೆದು ಕೂರಿಸಿ, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದೆ. ಎಡಪಕ್ಕೆಯಲ್ಲಿ ಬೆಳಕಿನ ಗೆರೆ ನೂಲಿನಂತೆ ಹರಿಯಿತು, ಬಲ ಬಾಗಿಲಿನ ಹತ್ತಿರ ಮುರಿಯಿತು. ಅಳೆದು ನೋಡಿದರೆ ಎರಡು ಮಿಲಿಮೀಟರ್ ವ್ಯತ್ಯಾಸ. ಫಿಲ್ಮ್ ಸುಲಿದು, ಓವನ್ನನ್ನು ಮತ್ತೆ 60 ಡಿಗ್ರಿಗೆ ಇಟ್ಟೆ.