ವಿಟಮಿನ್ ಡಿ: ಬಿಸಿಲಿಗೆ ನಿಲ್ಲುವ ಮೊದಲು ನೆರಳನ್ನು ನೋಡಿ

ವಿಟಮಿನ್ ಡಿ ಸಿಗಲೆಂದು ಎಳೆಬಿಸಿಲಿಗೆ ಮೈಯೊಡ್ಡುವವರು ಅನೇಕರಿದ್ದಾರೆ. ಬೆಳಗಿನ ಬೆಳಕು ದೇಹದ ಹಗಲಿರುಳಿನ ಲಯವನ್ನು ಸರಿಪಡಿಸಿ ರಾತ್ರಿಯ ನಿದ್ರೆಗೆ ನೆರವಾಗುತ್ತದೆ ಎಂಬುದು ನಿಜ. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ಯುವಿಬಿ ಕಿರಣಗಳು, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣಗಳು, ಬೇಕು. ಸೂರ್ಯ ಕೆಳಗಿರುವಾಗ ಬೆಳಕು ವಾತಾವರಣವನ್ನು ಓರೆಯಾಗಿ ಹಾದು ಬರುವುದರಿಂದ, ಈ ಕಿರಣಗಳ ಬಹುಪಾಲನ್ನು ಓಜೋನ್ ಪದರವೇ ಹೀರಿಕೊಂಡಿರುತ್ತದೆ.

ಆದ್ದರಿಂದ ಗಡಿಯಾರಕ್ಕಿಂತ ನೆರಳನ್ನು ನಂಬಿರಿ. ಸಮತಟ್ಟಾದ ನೆಲದ ಮೇಲೆ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ, ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ. ಅದೇ ತಕ್ಕ ಹೊತ್ತು. ಮುಖವನ್ನು ಮರೆಮಾಡಿಕೊಂಡು ತೋಳು ಮತ್ತು ಕಾಲುಗಳಿಗೆ ಬಿಸಿಲು ತಾಗುವಂತೆ ನಿಲ್ಲಿರಿ. ಕಿಟಕಿಯ ಗಾಜು ಯುವಿಬಿ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದೆ ಕುಳಿತು ಪ್ರಯೋಜನವಿಲ್ಲ.

ಎಷ್ಟು ಹೊತ್ತು ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಲೆಕ್ಕವಿಲ್ಲ. ತಿಳಿ ಬಣ್ಣದ ಚರ್ಮದವರಿಗೆ ವಾರದಲ್ಲಿ ಕೆಲವು ದಿನ ಹತ್ತು-ಹದಿನೈದು ನಿಮಿಷ ಸಾಕಾಗಬಹುದು. ಕಪ್ಪು ಚರ್ಮದಲ್ಲಿ ಯುವಿಬಿಯನ್ನು ತಡೆಯುವ ಮೆಲನಿನ್ ಎಂಬ ಬಣ್ಣದ ವಸ್ತು ಹೆಚ್ಚಿರುವುದರಿಂದ ಮತ್ತು ವಯಸ್ಸಾದಂತೆ ಚರ್ಮದ ತಯಾರಿಕಾ ಶಕ್ತಿ ಕುಗ್ಗುವುದರಿಂದ ಅಂಥವರಿಗೆ ಇನ್ನಷ್ಟು ಸಮಯ ಬೇಕು. ಚರ್ಮ ಕೆಂಪಾಗುವ ಮೊದಲೇ ನೆರಳಿಗೆ ಬರಬೇಕು ಎಂಬ ನಿಯಮ ಮಾತ್ರ ಎಲ್ಲರಿಗೂ ಒಂದೇ. ಅದಕ್ಕೂ ಮೀರಿ ನಿಂತರೆ ಲಾಭವೇನೂ ಹೆಚ್ಚುವುದಿಲ್ಲ, ಏಕೆಂದರೆ ಮಿಗಿಲಾದುದನ್ನು ಅದೇ ಬಿಸಿಲು ನಿಷ್ಕ್ರಿಯ ವಸ್ತುಗಳಾಗಿ ಮಾರ್ಪಡಿಸುತ್ತದೆ. ಉಳಿಯುವುದು ಚರ್ಮ ಸುಡುವ ಮತ್ತು ಚರ್ಮದ ಕ್ಯಾನ್ಸರಿನ ಅಪಾಯ. ಆರು ತಿಂಗಳೊಳಗಿನ ಶಿಶುಗಳನ್ನು ನೇರ ಬಿಸಿಲಿನಲ್ಲಿ ಇಡಲೇಬೇಡಿ.

ಚರ್ಮದಲ್ಲಿ ಹುಟ್ಟಿದ ವಿಟಮಿನ್ ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಟ್ಟ ಮೇಲಷ್ಟೇ ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳಲು ನೆರವಾಗುತ್ತದೆ. ತೀವ್ರ ಕೊರತೆಯಾದರೆ ಮಕ್ಕಳ ಕಾಲುಗಳು ಬಾಗುವ ರಿಕೆಟ್ಸ್ ಕಾಣಿಸಿಕೊಳ್ಳಬಹುದು. ದೊಡ್ಡವರಲ್ಲಿ ಮೂಳೆಗಳು ಮೆತ್ತಗಾಗಿ ನೋಯುತ್ತವೆ, ಸ್ನಾಯುಗಳು ಸೋಲುತ್ತವೆ. ಮೈಕೈ ನೋವನ್ನೆಲ್ಲ ದಣಿವೆಂದು ತಳ್ಳಿಹಾಕಿ ವರ್ಷಗಟ್ಟಲೆ ನರಳುವವರ ಬಗ್ಗೆ ನನಗೆ ನಿಜವಾಗಿಯೂ ಕಳವಳವಿದೆ. ಇಂಥ ಲಕ್ಷಣಗಳಿದ್ದರೆ ವೈದ್ಯರನ್ನು ಕಂಡು, ಅವರು ಸೂಚಿಸಿದರೆ ರಕ್ತದಲ್ಲಿನ 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ.

ಬಿಸಿಲಿಗೆ ಹೋಗಲಾಗದವರಿಗೆ ಮಾತ್ರೆಗಳಿವೆ. ವಯಸ್ಕರಿಗೆ ದಿನಕ್ಕೆ 600 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಎಪ್ಪತ್ತು ದಾಟಿದವರಿಗೆ 800 ಐಯು ಸಾಮಾನ್ಯವಾಗಿ ಶಿಫಾರಸಾಗುವ ಪ್ರಮಾಣ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಊಟದ ಜೊತೆ ತೆಗೆದುಕೊಳ್ಳುವುದು ಒಳಿತು. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ, ಮಾತ್ರೆಯಿಂದ ಆಗಬಹುದು: ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡದ ಹಾನಿ ಉಂಟಾಗುವುದರಿಂದ, ವೈದ್ಯರು ಹೇಳದೆ ದಿನಕ್ಕೆ 4000 ಐಯು ಮೀರಬಾರದು.