ಮಳೆಗಾಲದ ಲ್ಯಾಬ್: ಕಡ್ಡಿ ಮೊದಲು, ಗ್ಯಾಸ್ ಆಮೇಲೆ

ಜೂನ್ ಬಂತೆಂದರೆ ನಮ್ಮ ಉಡುಪಿ ಕಡೆಯ ಶಾಲೆಗಳಲ್ಲಿ ಜಗಲಿ ತುಂಬಾ ಕೊಡೆಗಳು. ಷೂ ಒಣಗುವುದಿಲ್ಲ ಅಂತ ಹೆಚ್ಚಿನ ಮಕ್ಕಳು ಮಳೆಗಾಲ ಮುಗಿಯುವವರೆಗೆ ಚಪ್ಪಲಿಯಲ್ಲೇ ಬರುತ್ತಾರೆ. ತರಗತಿಗೆ ಅದು ಸರಿ, ಲ್ಯಾಬಿಗೆ ಸರಿಯಲ್ಲ. ಮೇಜಿನಿಂದ ಜಾರಿದ ಆಸಿಡ್ ಹನಿಯಾಗಲಿ, ಒಡೆದ ಪ್ರನಾಳದ ಚೂರಾಗಲಿ ಬೀಳುವುದು ಪಾದದ ಮೇಲೆಯೇ ಅಲ್ವಾ? ಹೈಸ್ಕೂಲ್ ಮಕ್ಕಳಿಗೆ ಪ್ರಯೋಗ ಮಾಡಿಸುತ್ತಾ ನನಗೆ ಅನಿಸಿದ್ದು ಇದು: ಸುರಕ್ಷತೆಯ ಚಾರ್ಟು ಗೋಡೆಯ ಮೇಲೆ ಉಂಟು, ಆದರೆ ನಮ್ಮ ಊರಿನ ಮಳೆ ಅದರಲ್ಲಿಲ್ಲ.

ಒಳಗೆ ಹೋಗುವ ಮೊದಲು

ಹಳೆಯ ಷೂ ಒಂದು ಜೊತೆಯನ್ನು ಶಾಲೆಯಲ್ಲೇ ಇಟ್ಟುಬಿಡಿ, ಲ್ಯಾಬ್ ದಿನ ಹಾಕಿಕೊಳ್ಳಿ. ಕೊಡೆ, ರೈನ್‌ಕೋಟ್, ಬ್ಯಾಗ್ ಹೊರಗೇ ಇರಲಿ. ಒದ್ದೆ ನೆಲದಲ್ಲಿ ಬೀಕರ್ ಹಿಡಿದುಕೊಂಡು ಜಾರಿದರೆ ಬೇರೆ ಅಪಾಯವೇ ಬೇಡ. ಜಡೆಯನ್ನು ಎತ್ತಿ ಕಟ್ಟಿ, ಮಲ್ಲಿಗೆ ಮುಡಿದಿದ್ದರೆ ತೆಗೆದಿಡಿ, ವೇಲ್‌ಗೆ ಪಿನ್ ಹಾಕಿ. ಯೂನಿಫಾರ್ಮ್ ಪಾಲಿಯೆಸ್ಟರ್ ಆಗಿದ್ದರೆ ಮೇಲೊಂದು ಹತ್ತಿಯ ಕೋಟು ಬೇಕೇ ಬೇಕು, ಯಾಕೆಂದರೆ ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಲ್ಯಾಬಿನ ಸುರಕ್ಷತಾ ಕನ್ನಡಕ ಮರೆಯಬೇಡಿ.

ಇನ್ನು ನಲ್ಲಿ. ತಿರುಗಿಸಿ ನೋಡಿ. ಗಾಳಿಮಳೆಗೆ ಕರೆಂಟ್ ಹೋಗಿ ಪಂಪ್ ಓಡದೆ ಟ್ಯಾಂಕ್ ಖಾಲಿಯಾಗಿರುವುದು ನಮ್ಮಲ್ಲಿ ಹೊಸದೇನಲ್ಲ. ನೀರು ಬಾರದ ದಿನ ಆಸಿಡ್ ಬಾಟಲಿ ಮುಟ್ಟಲೇಬೇಡಿ, ಆ ಪ್ರಯೋಗ ನಾಳೆ ಮಾಡಿದರಾಯಿತು.

ಬಾಟಲಿಗಳನ್ನು ನೋಡಿ

ತೇವಕ್ಕೆ ಲೇಬಲ್ ಕಿತ್ತುಬರುತ್ತದೆ. ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿ ನೋಡಿ ಪತ್ತೆ ಮಾಡಲು ಹೋಗಬೇಡಿ, ಬದಿಗಿಟ್ಟು ಟೀಚರಿಗೆ ಹೇಳಿ. ಹೊಸ ಲೇಬಲ್ ಮೇಲೆ ಅಗಲದ ಪಾರದರ್ಶಕ ಟೇಪ್ ಅಂಟಿಸಿದರೆ ಮಳೆಗಾಲ ಕಳೆಯುತ್ತದೆ.

ನನಗೆ ಜಾಸ್ತಿ ಭಯ ಇರುವುದು ಕಾಸ್ಟಿಕ್ ಸೋಡಾದ ಬಗ್ಗೆ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಬಿಳಿ ಗುಳಿಗೆ. ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಒಂದು ಗುಳಿಗೆ ಮೇಜಿನ ಮೇಲೆ ಬಿದ್ದು ಹಾಗೇ ಉಳಿದರೆ ಮೊದಲು ಹೊಳೆಯುತ್ತದೆ, ಆಮೇಲೆ ಸುತ್ತ ನೀರಾಡುತ್ತದೆ, ಕೊನೆಗೆ ಒಂದು ಹನಿ ಮಾತ್ರ ಕಾಣುತ್ತದೆ. ಮಳೆನೀರು ಸೋರಿರಬೇಕು ಅಂತ ಮಗು ಅದನ್ನು ಅಂಗೈಯಲ್ಲಿ ಒರೆಸುತ್ತದೆ. ಉರಿ ಕೂಡಲೇ ಗೊತ್ತಾಗದೆಯೂ ಇರಬಹುದು, ಸೋಪಿನ ಹಾಗೆ ಜಾರುತ್ತದೆ ಅಷ್ಟೆ. ಆ ಜಾರುವಿಕೆ ಚರ್ಮದ ಎಣ್ಣೆಯನ್ನೇ ಅದು ತಿನ್ನುತ್ತಿರುವುದರಿಂದ. ಕಣ್ಣಿಗೆ ಹೋದರೆ ಅನೇಕ ಆಸಿಡ್‌ಗಳಿಗಿಂತಲೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಚಮಚದಲ್ಲೇ ತೆಗೆಯಿರಿ, ಮುಚ್ಚಳ ಕೂಡಲೇ ಬಿಗಿ ಮಾಡಿ, ಲ್ಯಾಬ್ ಮೇಜಿನ ಮೇಲಿನ ಯಾವ ಹನಿಯನ್ನೂ ನೀರು ಅಂದುಕೊಳ್ಳಬೇಡಿ.

ಬೆಂಕಿ ಹಚ್ಚುವಾಗ

ತಂಡಿ ಹಿಡಿದ ಬೆಂಕಿಪೆಟ್ಟಿಗೆ ನಿಮಗೆ ಗೊತ್ತಲ್ಲ? ಗೀರಿದರೆ ಮದ್ದು ಉದುರುತ್ತದೆ, ಕಡ್ಡಿ ಹತ್ತುವುದಿಲ್ಲ. ಗ್ಯಾಸ್ ಮೊದಲೇ ತಿರುಗಿಸಿಟ್ಟು ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದರೆ ಅಷ್ಟೂ ಹೊತ್ತು ಗ್ಯಾಸ್ ಬರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಡಿ ಕೆಳಗೆ ಇಳಿದು ನಿಲ್ಲುತ್ತದೆ. ಐದನೇ ಕಡ್ಡಿ ಹತ್ತಿದಾಗ ಒಟ್ಟಿಗೇ ಭಗ್ ಅನ್ನುತ್ತದೆ. ಆದ್ದರಿಂದ ಮೊದಲು ಕಡ್ಡಿ ಹತ್ತಲಿ, ಆಮೇಲೆ ಗ್ಯಾಸ್ ತೆರೆಯಿರಿ. ಬೆಂಕಿಪೆಟ್ಟಿಗೆಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು ಹೊರಗೆ ಬನ್ನಿ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906.

ಸ್ಪಿರಿಟ್ ಲ್ಯಾಂಪ್ ಆದರೆ ಉರಿಯುವಾಗ ಸ್ಪಿರಿಟ್ ತುಂಬಬೇಡಿ, ಒಂದರಿಂದ ಇನ್ನೊಂದನ್ನು ಬಗ್ಗಿಸಿ ಹಚ್ಚಬೇಡಿ, ಊದಿ ಆರಿಸಬೇಡಿ. ಮುಚ್ಚಳ ಇಟ್ಟರೆ ಸಾಕು.

ಇನ್ನೊಂದು, ಎರಚಲು ಬರುತ್ತದೆ ಅಂತ ಕಿಟಕಿಗಳನ್ನೆಲ್ಲ ಹಾಕಿಬಿಡುತ್ತೇವೆ. ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಲೆಡ್ ನೈಟ್ರೇಟ್ ಕಾಯಿಸುವುದು ಉಂಟು. ಅದರಿಂದ ಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಮುಚ್ಚಿದ ಕೋಣೆಯಲ್ಲಿ ಹತ್ತು ಗುಂಪು ಒಟ್ಟಿಗೆ ಕಾಯಿಸುವುದು ಬೇಡವೇ ಬೇಡ. ಎರಚಲು ಬಾರದ ಬದಿಯ ಕಿಟಕಿ ತೆರೆದು, ಟೀಚರ್ ಒಬ್ಬರೇ ಚಿಟಿಕೆಯಷ್ಟು ತೆಗೆದುಕೊಂಡು ತೋರಿಸಲಿ. ವಾಸನೆ ನೋಡುವ ಪ್ರಯೋಗದಲ್ಲಿ ಮೂಗನ್ನು ಪ್ರನಾಳದ ಬಾಯಿಗೆ ಒಡ್ಡದೆ, ಕೈಯಿಂದ ಮೆಲ್ಲಗೆ ಬೀಸಿಕೊಳ್ಳಿ.

ಆಸಿಡ್ ತೆಳು ಮಾಡುವಾಗ

ಇದು ಟೀಚರ್ ಮಾಡುವ ಕೆಲಸ, ಆದರೂ ಮಕ್ಕಳಿಗೆ ಕಾರಣ ಗೊತ್ತಿರಲಿ. ಒಗ್ಗರಣೆಗೆ ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಹೇಗೆ ಸಿಡಿಯುತ್ತದೆ? ಹೆಚ್ಚುಕಡಿಮೆ ಅದೇ ಕಥೆ. ಸಾಂದ್ರ ಸಲ್ಫ್ಯೂರಿಕ್ ಆಸಿಡ್ ನೀರಿನ 1.84 ಪಟ್ಟು ಭಾರ. ಅದರ ಮೇಲೆ ನೀರು ಹೊಯ್ದರೆ ನೀರು ಮೇಲೆಯೇ ತೇಲಿ, ಕೂಡುವ ಜಾಗದಲ್ಲಿ ಹುಟ್ಟಿದ ಬಿಸಿಗೆ ಕುದಿದು, ಆಸಿಡನ್ನೂ ಸೇರಿಸಿಕೊಂಡು ಮುಖಕ್ಕೆ ಸಿಡಿಯುತ್ತದೆ. ನೀರಿಗೆ ಆಸಿಡ್ ಹಾಕಿದರೆ ಆಸಿಡ್ ಕೆಳಗಿಳಿದು ಬೆರೆಯುತ್ತದೆ, ಬಿಸಿ ಎಲ್ಲ ಕಡೆ ಹಂಚಿಹೋಗುತ್ತದೆ. ಬೀಕರ್‌ಗೆ ನೀರು ಮೊದಲು, ಆಸಿಡ್ ಆಮೇಲೆ, ಬೀಕರಿನ ಒಳಗೋಡೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ, ಗಾಜಿನ ಕಡ್ಡಿಯಿಂದ ಕಲಕುತ್ತಾ. ಹೊರಗಿನಿಂದ ಮುಟ್ಟಿದಾಗ ಬೀಕರ್ ಚಹಾ ಲೋಟದ ಹಾಗೆ ಬಿಸಿಯಾಗಿದ್ದರೆ ನಿಲ್ಲಿಸಿ, ತಣಿಯಲು ಬಿಡಿ.

ಪ್ರನಾಳ ಕಾಯಿಸುವಾಗ ಅದರ ಬಾಯಿ ಯಾರ ಕಡೆಗೂ ಇರಬಾರದು, ನಿಮ್ಮ ಕಡೆಗೂ. ಒಂದೇ ಜಾಗಕ್ಕೆ ಉರಿ ಕೊಡಬೇಡಿ, ಆಡಿಸುತ್ತಾ ಇರಿ.

ಏನಾದರೂ ಆಗಿಹೋದರೆ

ಒಮ್ಮೆ ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ ಟ್ರೈಪಾಡನ್ನು, ಅಂದರೆ ಬರ್ನರ್ ಮೇಲೆ ಇಡುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನು, ಆಗಷ್ಟೇ ಬರ್ನರ್ ತೆಗೆದ ಮೇಲೆ ಎತ್ತಿಡಲು ಹೋದ. ಬಿಸಿ ಕಬ್ಬಿಣವೂ ತಣ್ಣಗಿನ ಕಬ್ಬಿಣವೂ ಕಣ್ಣಿಗೆ ಒಂದೇ. ಮೂರು ಬೆರಳಿನ ತುದಿ ಬೆಳ್ಳಗಾಯಿತು. ಯಾರೋ ಟೂತ್‌ಪೇಸ್ಟ್ ಅಂದರು, ಯಾರೋ ತೆಂಗಿನೆಣ್ಣೆ ತರಲು ಓಡಿದರು. ಎರಡೂ ಬೇಡ. ಕೈಯನ್ನು ಹರಿಯುವ ನಲ್ಲಿ ನೀರಿಗೆ 20 ನಿಮಿಷ ಹಿಡಿಸಿದೆ, ಗಡಿಯಾರ ನೋಡಿ. ಅವನು ಐದೇ ನಿಮಿಷಕ್ಕೆ ಸಾಕು ಟೀಚರ್ ಅಂದ, ನಾನು ಬಿಡಲಿಲ್ಲ. ಅಂದಿನಿಂದ ನಮ್ಮಲ್ಲಿ ಎಲ್ಲರೂ ಟ್ರೈಪಾಡ್ ಮುಟ್ಟುವ ಮೊದಲು ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಶಾಖ ನೋಡುತ್ತಾರೆ.

ಆಸಿಡ್ ಚರ್ಮಕ್ಕೆ ಬಿದ್ದರೂ ನೀರೇ ಮೊದಲು, ಬಟ್ಟೆಗೆ ಬಿದ್ದಿದ್ದರೆ ನಾಚಿಕೆ ಬಿಟ್ಟು ಬಟ್ಟೆ ತೆಗೆಯಬೇಕು. ಅಡುಗೆ ಸೋಡಾ ಮೇಜು, ನೆಲದ ಮೇಲೆ ಚೆಲ್ಲಿದ ಆಸಿಡ್‌ಗೆ ಮಾತ್ರ, ಮೈಗೆ ಹಾಕಲು ಅಲ್ಲ. ಕಣ್ಣಿಗೆ ಹೋದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡಿ, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಮಕ್ಕಳು ಬೈಗುಳಕ್ಕೆ ಹೆದರಿ ಕೈ ಬಚ್ಚಿಡುತ್ತಾರೆ, ಅದೇ ದೊಡ್ಡ ತೊಂದರೆ. ಟೀಚರುಗಳೇ, ದಯವಿಟ್ಟು ಮೊದಲು ನೀರು ಬಿಡಿ, ಕೇಳುವುದೆಲ್ಲ ಆಮೇಲೆ ಕೇಳಿ.

ಲ್ಯಾಬ್ ಪಿರಿಯಡ್ ಮುಗಿದದ್ದೇ ಊಟದ ಬೆಲ್ ಆದರೆ ಬಿಸಿಯೂಟದ ಸಾಲಿಗೆ ಓಡಬೇಡಿ. ಲೆಡ್ ನೈಟ್ರೇಟ್ ಪುಡಿ ಉಗುರಿನ ಸಂದಿಯಲ್ಲಿ ಕೂತರೆ ಅನ್ನದ ಜೊತೆ ಹೊಟ್ಟೆಗೇ ಹೋಗುತ್ತದೆ. ಸೋಪು ಹಾಕಿ, ಉಗುರು ಉಜ್ಜಿ, ಕೈ ತೊಳೆದು ಆಮೇಲೆ ತಟ್ಟೆ ಹಿಡಿಯಿರಿ.