ಯಂತ್ರವಿಲ್ಲದೆ ಥಿನ್ ಸೆಕ್ಷನ್: ಗಾಜಿನ ಹಲಗೆಯ ಮೇಲೆ 30 ಮೈಕ್ರಾನ್

ಮೊದಲ ವರ್ಷದ ಭೂವಿಜ್ಞಾನ ತರಗತಿಗೆ ಥಿನ್ ಸೆಕ್ಷನ್‌ಗಳನ್ನು, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿಗಂಟಿಸಿ ತೆಳ್ಳಗೆ ಉಜ್ಜಿದ ಕಲ್ಲಿನ ಪದರಗಳನ್ನು, ಕೈಯಲ್ಲೇ ಉಜ್ಜಿ ಮಾಡುತ್ತೇನೆ ಅಂದಾಗ ಬಂದ ಉತ್ತರ ಒಂದೇ: ಕಲ್ಲನ್ನು ಸಪಾಟಾಗಿ ಉಜ್ಜುವ ಲ್ಯಾಪಿಂಗ್ ಯಂತ್ರವಿಲ್ಲದೆ 30 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲಿ ಮೂರು ಪಾಲು) ದಪ್ಪ ಆಗದ ಮಾತು. 1849ರಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿದಾಗ ಯಾವ ವಿದ್ಯುತ್ ಯಂತ್ರವಿತ್ತು? ಈಗ ನನ್ನ ಪೆಟ್ಟಿಗೆಯಲ್ಲಿ ಇನ್ನೂರರ ಹತ್ತಿರ ಸ್ಲೈಡ್‌ಗಳಿವೆ. ಮೊದಲ ನಲವತ್ತರಲ್ಲಿ ಉಳಿದದ್ದು ಎಂಟೋ ಒಂಬತ್ತೋ.

ಖರ್ಚಿನ ಲೆಕ್ಕ ಹೀಗೆ. ಹೊರಗಿನಿಂದ ತರಿಸುವ ಒಂದು ಸಿದ್ಧ ಸ್ಲೈಡಿನ ಹಣದಲ್ಲಿ ನನ್ನವು ಹದಿನೈದಿಪ್ಪತ್ತು ಆಗುತ್ತವೆ, ದುಡಿಮೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಹಿಡಿದರೆ ಲಾಭವೇನೂ ಇಲ್ಲ. ಮೊದಮೊದಲು ಒಂದಕ್ಕೆ ಮೂರು ಗಂಟೆ, ಈಗ ಒಂದೂವರೆ. ಹೆಚ್ಚು ಹಣ ನುಂಗಿದ್ದು ಟೈಲ್ ಕತ್ತರಿಸುವ ಯಂತ್ರದ ವಜ್ರದ ಬ್ಲೇಡು. ಅಗ್ಗದ ಬ್ಲೇಡು ಗ್ರಾನೈಟ್ ಮುಂದೆ ಹತ್ತು ಕೊಯ್ತಕ್ಕೇ ಸೋಲುತ್ತದೆ. ಅಲ್ಲಿ ಉಳಿತಾಯ ಮಾಡಲು ಹೋಗಿ ಎರಡು ಸಲ ಕೊಂಡೆ.

ಚೂರು 3–4 ಮಿಲಿಮೀಟರ್ ದಪ್ಪವಿರಲಿ. ಅಂಟಿಸುವ ಮುಖವನ್ನು 220, 400, 600 ಗ್ರಿಟ್‌ನ ಸಿಲಿಕಾನ್ ಕಾರ್ಬೈಡ್ ಉಜ್ಜುಪುಡಿಯಲ್ಲಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಪುಡಿ ನಯ) ಇಳಿಸಿ, ತೊಳೆದು, ರಾತ್ರಿಯಿಡೀ ಬೆಚ್ಚಗೆ ಒಣಗಿಸಬೇಕು. ನನ್ನ ಅರ್ಧದಷ್ಟು ಸ್ಲೈಡುಗಳು ಕೆಟ್ಟದ್ದು ಇಲ್ಲೇ: ಕಲ್ಲಿನ ರಂಧ್ರದಲ್ಲಿ ಒಂದಿಷ್ಟು ತೇವ ಉಳಿದರೂ ಕೊನೆಯ ಹಂತದಲ್ಲಿ ಇಡೀ ಪದರ ಗಾಜಿನಿಂದ ಎದ್ದು ಬರುತ್ತದೆ. ಸ್ಲೈಡಿನ ಒಂದು ಮುಖವನ್ನೂ 600ರಲ್ಲಿ ಉಜ್ಜಿ ಮಸುಕು ಮಾಡಿ. ನುಣುಪು ಗಾಜನ್ನು ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಐದು ನಿಮಿಷದ ಎಪಾಕ್ಸಿಯನ್ನು ಮರೆತುಬಿಡಿ. ಗುಳ್ಳೆ ಹೊರಬರುವ ಮೊದಲೇ ಅದು ಗಟ್ಟಿ. ಇಪ್ಪತ್ನಾಲ್ಕು ಗಂಟೆ ಹಿಡಿಯುವ ನಿಧಾನದ್ದೇ ಬೇಕು. ಸ್ಲೈಡನ್ನೂ ಚೂರನ್ನೂ 40–50 ಡಿಗ್ರಿಗೆ ಬಿಸಿ ಮಾಡಿದರೆ ಅಂಟು ನೀರಿನಂತಾಗುತ್ತದೆ. ಚೂರನ್ನು ಸಣ್ಣ ಸಣ್ಣ ಸುತ್ತು ತಿರುಗಿಸುತ್ತಾ ಗುಳ್ಳೆಗಳನ್ನು ಅಂಚಿಗೆ ಓಡಿಸಿ, ಮೇಲೆ ಒಂದು ಕಿಲೋ ಭಾರ ಹೇರಿ ಬಿಡಿ.

ಮುಂದಿನದು ಬರೀ ತಾಳ್ಮೆ. ಕೊಯ್ದು ಒಂದು ಮಿಲಿಮೀಟರಿಗೆ ತಂದು, 6 ಮಿಲಿಮೀಟರ್ ದಪ್ಪದ ಗಾಜಿನ ಹಲಗೆಯ ಮೇಲೆ ಕಾಲು ಚಮಚ ಗ್ರಿಟ್, ಕೆಲವು ಹನಿ ನೀರು ಹಾಕಿ 8ರ ಆಕಾರದಲ್ಲಿ ಉಜ್ಜುವುದು. ನೀರು ಹೆಚ್ಚಾದರೆ ಗ್ರಿಟ್ ತೇಲಿಹೋಗುತ್ತದೆ, ಕಡಿಮೆಯಾದರೆ ಸ್ಲೈಡ್ ಹಲಗೆಗೆ ಕಚ್ಚಿಕೊಳ್ಳುತ್ತದೆ. 0.3 ಮಿಲಿಮೀಟರ್‌ವರೆಗೆ 220, 0.1ರವರೆಗೆ 400, ಆಮೇಲೆ 600, ಕೊನೆಗೆ 1000. ಒಂದೊಂದು ಗ್ರಿಟ್‌ಗೆ ಒಂದೊಂದು ಹಲಗೆ. 220ರ ಒಂದೇ ಕಣ 600ರ ಹಲಗೆಗೆ ಬಂದರೂ ಸ್ಲೈಡ್ ಉದ್ದಕ್ಕೂ ಗೀರು. ಆ ಕಣ ಕೂತಿರುವುದು ಸಾಮಾನ್ಯವಾಗಿ ಉಗುರಿನ ಸಂದಿಯಲ್ಲಿ. ಯಾವತ್ತೂ ಒಣಗಿದ್ದನ್ನು ಉಜ್ಜಬೇಡಿ, ಸಿಲಿಕಾ ಧೂಳು ಶ್ವಾಸಕೋಶ ಬಿಟ್ಟು ಹೋಗುವುದಿಲ್ಲ.

ತಿಂಗಳುಗಟ್ಟಲೆ ತಲೆ ತಿಂದದ್ದು ಬೆಣೆಯಾಕಾರ: ಒಂದು ಅಂಚು ಮಾಯವಾದರೂ ಇನ್ನೊಂದು ಅಂಚು ದಪ್ಪ. ಕೈಯ ತಪ್ಪೆಂದುಕೊಂಡಿದ್ದೆ. ಅಸಲಿ ತಪ್ಪು ಹಲಗೆಯದು. ನಡುವೆ ಉಜ್ಜಿ ಉಜ್ಜಿ ಅದು ತಟ್ಟೆಯಂತೆ ಕುಳಿ ಬಿದ್ದಿತ್ತು. ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟು ಹಿಂದಿನಿಂದ ಬೆಳಕು ಹಿಡಿದರೆ ಕುಳಿ ಕಾಣುತ್ತದೆ. ಮೂರು ಹಲಗೆಗಳನ್ನು ಜೋಡಿ ಬದಲಿಸುತ್ತಾ ಒಂದಕ್ಕೊಂದು ಉಜ್ಜಿದರೆ ಮೂರೂ ಸಪಾಟಾಗುತ್ತವೆ. ಎರಡೇ ಹಲಗೆ ಸಾಲದು, ಒಂದು ಉಬ್ಬಿ ಇನ್ನೊಂದು ತಗ್ಗಿ ಚೆನ್ನಾಗಿ ಕೂಡಿಕೊಂಡುಬಿಡುತ್ತವೆ.

ದಪ್ಪ ಅಳೆಯಲು ಮೈಕ್ರೋಮೀಟರ್ ನಂಬಬೇಡಿ, ಕ್ವಾರ್ಟ್ಜ್ ನಂಬಿ. ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಪೋಲರಾಯ್ಡ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಅದರ ಬಣ್ಣ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ: 60 ಮೈಕ್ರಾನ್ ಹತ್ತಿರ ನೇರಳೆಗೆಂಪು, 45ಕ್ಕೆ ಹಳದಿ, 30ಕ್ಕೆ ಬೂದು ಬಿಳಿ, ಹೆಚ್ಚೆಂದರೆ ತೆಳು ಹುಲ್ಲಿನ ಬಣ್ಣ. ಒಂದು ಕಣ ನೋಡಿ ತೀರ್ಮಾನಿಸಬೇಡಿ. ಹರಳಿನ ಉದ್ದದ ಅಕ್ಷಕ್ಕೆ ಅಡ್ಡಡ್ಡ ಕೊಯ್ದ ಕಣ ಎಷ್ಟೇ ದಪ್ಪವಿದ್ದರೂ ಕಪ್ಪಾಗಿಯೇ ಕಾಣಬಹುದು. ಹತ್ತಾರು ಕಣಗಳಲ್ಲಿ ಅತಿ ಹೆಚ್ಚು ದಪ್ಪ ತೋರುವ ಬಣ್ಣವನ್ನೇ ಲೆಕ್ಕಕ್ಕೆ ಹಿಡಿಯಿರಿ. ಬಸಾಲ್ಟಿನಲ್ಲಿ ಕ್ವಾರ್ಟ್ಜ್ ಎಲ್ಲಿಂದ ತರುವುದು? ಪಕ್ಕದಲ್ಲೇ ಬಹುಪಾಲು ಕ್ವಾರ್ಟ್ಜ್ ಇರುವ ಕ್ವಾರ್ಟ್ಜೈಟ್ ಕಲ್ಲಿನ ಒಂದು ಚೂರನ್ನೂ ಅಂಟಿಸಿ ಎರಡನ್ನೂ ಒಟ್ಟಿಗೆ ಉಜ್ಜುತ್ತೇನೆ. ಕೊನೆಯ ಹತ್ತು ಮೈಕ್ರಾನಿಗೆ ಬೆರಳು ಎಲ್ಲಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸುವುದಿಲ್ಲ. ಹತ್ತು ಸ್ಲೈಡು ಕೆಡಿಸಿದವರಿಗೆ ತಾನಾಗಿ ಸಿಗುತ್ತದೆ.

ಪೋಲರಾಯ್ಡ್ ಹಾಳೆಗೆ ಹಣ ಕೊಟ್ಟಿಲ್ಲ, ಕೆಟ್ಟ ಎಲ್‌ಸಿಡಿ ಮಾನಿಟರ್‌ನಿಂದ ಕಿತ್ತದ್ದು. ಮುಂಭಾಗದ ಹಾಳೆ ಸಾಮಾನ್ಯವಾಗಿ ಮಂಜು ಮಂಜು, ಹಿಂಭಾಗದ್ದೇ ಸ್ಪಷ್ಟ. ಒಂದು ತುಂಡು ಸ್ಲೈಡಿನ ಕೆಳಗೆ, ಇನ್ನೊಂದು ಸೂಕ್ಷ್ಮದರ್ಶಕದ ಐಪೀಸ್ ಮೇಲೆ. ತಿರುಗಿಸಿ ಪೂರ್ತಿ ಕಪ್ಪಾದ ಕಡೆ ನಿಲ್ಲಿಸಿ. ತಿರುಗುವ ವೇದಿಕೆ ಇಲ್ಲದಿದ್ದರೆ ಎರಡೂ ಹಾಳೆಗಳನ್ನು ಅಡ್ಡವಾಗಿಯೇ ಉಳಿಸಿ ಒಟ್ಟಿಗೆ ಒಂದೇ ಕೋನದಷ್ಟು ತಿರುಗಿಸಿದರೂ ಕೆಲಸ ನಡೆಯುತ್ತದೆ. ಇದೇ ಹುಚ್ಚಿನಲ್ಲಿ ಕಲ್ಲುಪ್ಪಿನ ಸೆಕ್ಷನ್ ಕೂಡ ಮಾಡಿದೆ, ನೀರಿನ ಬದಲು ಸೀಮೆಎಣ್ಣೆ ಹಾಕಿ. ಎತ್ತ ತಿರುಗಿಸಿದರೂ ಕಪ್ಪು. ಐಸೊಟ್ರೋಪಿಕ್ (ಎಲ್ಲ ದಿಕ್ಕಿನಲ್ಲೂ ಬೆಳಕಿಗೆ ಒಂದೇ ರೀತಿ ವರ್ತಿಸುವ ವಸ್ತು) ಅಂದರೇನು ಎಂದು ಆಮೇಲೆ ಬೋರ್ಡಿನ ಮೇಲೆ ವಿವರಿಸುವ ಗೋಜಿಲ್ಲ.

ಹೊಸಬರು ಬಸಾಲ್ಟ್‌ನಿಂದ ಶುರುಮಾಡಿ. ಬಿಗಿಯಾದ ಕಲ್ಲು, ಉದುರುವುದಿಲ್ಲ. ಗ್ರಾನೈಟಿನಲ್ಲಿ ಅಭ್ರಕ ಪದರ ಪದರವಾಗಿ ಕಿತ್ತು ಬರುತ್ತದೆ. ಸಡಿಲ ಮರಳುಗಲ್ಲಿಗೆ ಮೊದಲೇ ತೆಳು ಎಪಾಕ್ಸಿ ಕುಡಿಸಬೇಕು. ಜೇಡಿಶಿಲೆ ನೀರು ಸೋಕಿದರೆ ಉಬ್ಬಿ ಬಿರಿಯುತ್ತದೆ. ಸೀಮೆಎಣ್ಣೆಯಲ್ಲಿ ಆರು ಸಲ ಪ್ರಯತ್ನಿಸಿದ್ದೇನೆ, 50 ಮೈಕ್ರಾನಿಗಿಂತ ಕೆಳಗೆ ಒಂದೂ ಇಳಿದಿಲ್ಲ.